ಸಹಿಯಿಲ್ಲದ ನಿಸರ್ಗಚಿತ್ರದ ಮೂಲವನ್ನು ಹುಡುಕುವುದು ಹೇಗೆ?

ಪ್ರಶ್ನೆ: ಸ್ವಾತಂತ್ರ್ಯ ಬಂದ ಹೊಸದರಲ್ಲಿ ಊರು ಬಿಟ್ಟು ಹೊರಟ ಇಂಗ್ಲಿಷ್ ಅಧಿಕಾರಿಯೊಬ್ಬರ ಬಂಗಲೆಯ ಹರಾಜಿನಲ್ಲಿ ನಮ್ಮ ತಾತ ಕೊಂಡ ತೈಲಚಿತ್ರವೊಂದು ನಮ್ಮ ಹಜಾರದಲ್ಲಿದೆ. ಅಗಲ ಮೂವತ್ತು ಅಂಗುಲ, ಎತ್ತರ ಇಪ್ಪತ್ತು. ಹೊಳೆಯ ದಂಡೆಯಲ್ಲಿ ದುಂಡು ಬುರುಜುಗಳ ಕೋಟೆ, ಅದಕ್ಕೆ ತಾಗಿದಂತೆ ಸರಪಳಿಯ ತೂಗುಸೇತುವೆ, ಮುಂದುಗಡೆ ನೀರಿಗಿಳಿದ ದನಗಳು, ಹಿಂದೆ ಮಂಜು ಕವಿದ ಬೆಟ್ಟಗಳು. ಸಹಿ ಎಲ್ಲಿಯೂ ಇಲ್ಲ. ಹಿಂಬದಿಯ ಬಟ್ಟೆಯ ಮೇಲೆ ‘ವಿನ್ಸರ್ ಅಂಡ್ ನ್ಯೂಟನ್, ರಾತ್‌ಬೋನ್ ಪ್ಲೇಸ್’ ಎಂಬ ಮಸುಕಾದ ಮುದ್ರೆಯಿದೆ. ಮರದ ಪಟ್ಟಿಯ ಮೇಲೆ ಅರ್ಧ ಹರಿದ ಚೀಟಿಯಿದ್ದು, ಅದರಲ್ಲಿ ‘ನಂ. 2’, ‘ಕ್ಯಾಸಲ್, ನಾರ್ತ್ ವೇಲ್ಸ್’, ‘ಬಾರ್ನ್ಸ್’ ಎಂಬಷ್ಟನ್ನು ಓದಬಹುದು. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ಇದು ವಿಕ್ಟೋರಿಯಾ ಕಾಲದ ಕಲಾವಿದ ಸಿಡ್ನಿ ರಿಚರ್ಡ್ ಪರ್ಸಿಯ ಕೃತಿಯೆಂದು ಖಂಡಿತವಾಗಿ ಹೇಳುತ್ತಾರೆ. ಒಪ್ಪಬಹುದೆ?
— ಓದುಗರು, ಲಕ್ಷ್ಮೀಪುರಂ, ಮೈಸೂರು

ಉತ್ತರ: ವ್ಯಾಪಾರಿಯ ಮಾತನ್ನು ಸದ್ಯಕ್ಕೆ ಒಪ್ಪಬೇಡಿ, ತಳ್ಳಿಯೂ ಹಾಕಬೇಡಿ. ಸಹಿಯಿಲ್ಲದ ಚಿತ್ರ ಕೈಗೆ ಬಂದಾಗ ಎಲ್ಲರೂ ಮೊದಲು ಕೇಳುವುದು ಬರೆದವರು ಯಾರು ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾವ ಬಟ್ಟೆಯ ಮೇಲೆ, ಯಾವ ಕಾಲದಲ್ಲಿ, ಯಾವ ಸ್ಥಳವನ್ನು ಬರೆದದ್ದು, ಬರೆದ ಮೇಲೆ ಯಾರ ಯಾರ ಕೈ ದಾಟಿ ಲಕ್ಷ್ಮೀಪುರಕ್ಕೆ ಬಂತು ಎಂಬುದನ್ನು ಒಂದೊಂದಾಗಿ ತಿಳಿದುಕೊಂಡರೆ, ಹೆಸರು ಸಿಕ್ಕದೆ ಹೋದರೂ ಚಿತ್ರದ ಚರಿತ್ರೆ ನಿಮಗೆ ಸಿಕ್ಕಿರುತ್ತದೆ. ಹೆಸರಿನಿಂದ ಹೊರಟರೆ ಪ್ರತಿಯೊಂದು ಗುರುತೂ ಆ ಹೆಸರಿಗೇ ಸಾಕ್ಷಿ ನುಡಿಯುವಂತೆ ಕಾಣತೊಡಗುತ್ತದೆ.

ಹಿಂಬದಿಯಿಂದಲೇ ಆರಂಭಿಸೋಣ. ಚಿತ್ರಕಲೆಯ ಬಣ್ಣ, ಬಟ್ಟೆಗಳನ್ನು ಮಾರುವ ವಿನ್ಸರ್ ಅಂಡ್ ನ್ಯೂಟನ್ ಸಂಸ್ಥೆಯು 1832ರಲ್ಲಿ ಲಂಡನ್ನಿನ ರಾತ್‌ಬೋನ್ ಪ್ಲೇಸಿನ 38ನೇ ನಂಬರಿನಲ್ಲಿ ಆರಂಭವಾಯಿತು. ಆದ್ದರಿಂದ ನಿಮ್ಮ ಕ್ಯಾನ್ವಾಸ್ ಅದಕ್ಕಿಂತ ಹಿಂದಿನದಲ್ಲ. ಮುದ್ರೆಯನ್ನು ಓರೆಬೆಳಕಿನಲ್ಲಿ, ಭೂತಗನ್ನಡಿ ಹಿಡಿದು ಇನ್ನೊಮ್ಮೆ ಓದಿ. ರಾಣಿಯವರ ವರ್ಣಸಾಮಗ್ರಿ ಪೂರೈಕೆದಾರರು ಎಂಬ ಅರ್ಥದ ಸಾಲು ಅದರಲ್ಲಿದ್ದರೆ, ಸಂಸ್ಥೆಗೆ ಆ ಗೌರವ ದೊರೆತದ್ದು 1841ರಲ್ಲಿ. ಹೆಸರಿನ ಕೊನೆಗೆ ‘ಲಿಮಿಟೆಡ್’ ಎಂದಿದ್ದರೆ 1882ರ ನಂತರದ್ದು, ಏಕೆಂದರೆ ಸಂಸ್ಥೆ ಲಿಮಿಟೆಡ್ ಕಂಪನಿಯಾದದ್ದು ಆ ವರ್ಷ. ಇಂಥ ಮುದ್ರೆಗಳ ವಿನ್ಯಾಸ ಕಾಲಕಾಲಕ್ಕೆ ಬದಲಾಗುತ್ತಿತ್ತು. ಯಾವ ವಿಳಾಸ, ಯಾವ ಆಕಾರ ಯಾವ ವರ್ಷಗಳದ್ದು ಎಂಬುದನ್ನು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯವರು ಬಹಳ ಶ್ರಮದಿಂದ ಸಂಗ್ರಹಿಸಿ, ಫೋಟೊಗಳ ಸಮೇತ ತಮ್ಮ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇಟ್ಟಿದ್ದಾರೆ. ನಿಮ್ಮ ಮುದ್ರೆಯನ್ನು ಅಲ್ಲಿನ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ಕ್ಯಾನ್ವಾಸಿನ ಕಾಲವು ಹತ್ತಿಪ್ಪತ್ತು ವರ್ಷಗಳ ಅಂತರದೊಳಗೆ ಸಿಕ್ಕಲು ಸಾಧ್ಯವಿದೆ. ಅಲ್ಲಿಗೇ ನಿಲ್ಲಬೇಕಾದ ಜಾಗವೂ ಇದೆ. ಈ ಮುದ್ರೆ ಕ್ಯಾನ್ವಾಸ್ ಮಾರಿದ ಅಂಗಡಿಯನ್ನು ಹೇಳುತ್ತದೆಯೇ ಹೊರತು ಕೊಂಡವರನ್ನಲ್ಲ. ಅಂಗಡಿಯಿಂದ ಕೊಂಡವರಲ್ಲಿ ಲಂಡನ್ನಿನ ಪ್ರತಿಷ್ಠಿತ ಕಲಾಸಂಸ್ಥೆಯಾದ ರಾಯಲ್ ಅಕಾಡೆಮಿಯ ಸದಸ್ಯರೂ ಇದ್ದರು, ಬಿಡುವಿನಲ್ಲಿ ಬಣ್ಣ ಹಚ್ಚುವ ಗೃಹಿಣಿಯರೂ ಇದ್ದರು, ಹಡಗಿನಲ್ಲಿ ಸಾಮಗ್ರಿ ತರಿಸಿಕೊಂಡು ಭಾರತದಲ್ಲೇ ಕುಳಿತು ತಮ್ಮೂರಿನ ನೆನಪು ಬರೆದವರೂ ಇದ್ದರು. ಮುದ್ರೆಯು ಇದೇ ವ್ಯಾಪಾರದ ರಾಬರ್ಸನ್ ಸಂಸ್ಥೆಯದ್ದಾಗಿದ್ದರೆ ಇನ್ನೊಂದು ದಾರಿ ಇರುತ್ತಿತ್ತು. ಆ ಸಂಸ್ಥೆಯ ಲೆಕ್ಕದ ಪುಸ್ತಕಗಳು ಕೇಂಬ್ರಿಡ್ಜಿನ ಹ್ಯಾಮಿಲ್ಟನ್ ಕೆರ್ ಎಂಬ ಚಿತ್ರ ಸಂರಕ್ಷಣಾ ಸಂಸ್ಥೆಯಲ್ಲಿ ಉಳಿದಿವೆ; ಯಾವ ಕಲಾವಿದರು ಏನು ಕೊಂಡರೆಂಬುದನ್ನು ಅವುಗಳಲ್ಲಿ ಹುಡುಕಬಹುದು.

ಕ್ಯಾನ್ವಾಸಿನ ಅಂಚನ್ನೂ ನೋಡಿ. ಮೊಳೆ ಹೊಡೆದ ಮಡಿಕೆಯ ತುದಿಯವರೆಗೂ ಬಿಳಿಯ ಲೇಪ ಹರಡಿದ್ದರೆ ಅದು ಅಂಗಡಿಯಲ್ಲಿ ಸಿದ್ಧಪಡಿಸಿ ಕತ್ತರಿಸಿಕೊಟ್ಟ ಬಟ್ಟೆ; ಲೇಪವು ಮಡಿಕೆಯ ಬಳಿಯೇ ನಿಂತಿದ್ದರೆ ಮರಕ್ಕೆ ಬಿಗಿದ ಮೇಲೆ ಕೈಯಿಂದ ಹಚ್ಚಿದ್ದು. ಮೂಲ ಬಟ್ಟೆಯ ಹಿಂದೆ ಇನ್ನೊಂದು ಬಟ್ಟೆ ಅಂಟಿಸಿದ್ದರೆ ಯಾವಾಗಲೋ ದುರಸ್ತಿಯಾಗಿದೆ ಎಂದರ್ಥ. ನಿಮ್ಮ ಚಿತ್ರದಲ್ಲಿ ಮುದ್ರೆ ಕಾಣುತ್ತಿರುವುದರಿಂದ ಹಾಗಾಗಿಲ್ಲವೆಂದು ತೋರುತ್ತದೆ, ಅದು ನಿಮ್ಮ ಭಾಗ್ಯ. ಮರದ ಪಟ್ಟಿಯ ಮೇಲೆ ಕಪ್ಪು ಮಸಿಯಲ್ಲಿ ಅಕ್ಷರ ಮತ್ತು ಅಂಕಿಗಳ ಕೊರೆಯಚ್ಚಿನ (ಸ್ಟೆನ್ಸಿಲ್) ಗುರುತೇನಾದರೂ ಇದೆಯೇ ಎಂದು ಮರೆಯದೆ ಹುಡುಕಿ. 1766ರಲ್ಲಿ ಸ್ಥಾಪನೆಯಾದ ಕ್ರಿಸ್ಟೀಸ್ ಹರಾಜು ಸಂಸ್ಥೆ ತನ್ನಲ್ಲಿಗೆ ಬಂದ ಚಿತ್ರಗಳಿಗೆ ಅಂಥ ಸಂಖ್ಯೆ ಹಾಕುತ್ತಿತ್ತು, ಅದರ ದಫ್ತರದವರು ಸಂಖ್ಯೆಯನ್ನು ನೋಡಿ ಯಾವ ಹರಾಜು, ಯಾರು ತಂದುಕೊಟ್ಟದ್ದು ಎಂಬುದನ್ನು ಹೇಳಬಲ್ಲರು. ಹೊರಚೌಕಟ್ಟಿಗೆ ಮಾತ್ರ ಹೆಚ್ಚಿನ ಮಹತ್ವ ಕೊಡಬೇಡಿ. ಚಿತ್ರಗಳು ಚೌಕಟ್ಟು ಬದಲಿಸುತ್ತಲೇ ಇರುತ್ತವೆ.

ಈಗ ಸ್ಥಳ. ನೀವು ವರ್ಣಿಸಿರುವ ದೃಶ್ಯ ಉತ್ತರ ವೇಲ್ಸಿನ ಕಾನ್ವಿ ಕೋಟೆಯದ್ದಾಗಿರುವ ಸಂಭವ ಬಹಳ ಹೆಚ್ಚು. ಮೊದಲನೆಯ ಎಡ್ವರ್ಡ್ ದೊರೆ 1283ರಲ್ಲಿ ಕಟ್ಟಲಾರಂಭಿಸಿದ ಆ ಕೋಟೆಗೆ ಎಂಟು ದುಂಡು ಬುರುಜುಗಳಿವೆ, ಅವುಗಳಲ್ಲಿ ನಾಲ್ಕರ ನೆತ್ತಿಯ ಮೇಲೆ ಸಣ್ಣ ಗೋಪುರಗಳಿವೆ. ಕೋಟೆಗೆ ತಾಗಿಕೊಂಡೇ ಥಾಮಸ್ ಟೆಲ್ಫರ್ಡ್ ಕಟ್ಟಿದ ಸರಪಳಿಯ ತೂಗುಸೇತುವೆ 1826ರಲ್ಲಿ ತೆರೆಯಿತು, ಅದರ ಕಂಬಗಳಿಗೂ ಕೋಟೆಗೆ ಒಪ್ಪುವಂತೆ ಬುರುಜಿನ ರೂಪವನ್ನೇ ಕೊಡಲಾಗಿತ್ತು. ನಿಮ್ಮ ಚಿತ್ರದ ಬುರುಜುಗಳನ್ನೂ ಸೇತುವೆಯ ಕಂಬಗಳನ್ನೂ ಈಗಿನ ಫೋಟೊಗಳ ಜೊತೆ ಹೋಲಿಸಿ ನೋಡಿ. ಮುಖ್ಯವಾಗಿ ನೋಡಬೇಕಾದದ್ದು, ತೂಗುಸೇತುವೆಯ ಪಕ್ಕದಲ್ಲಿ ಉದ್ದನೆಯ ಕಬ್ಬಿಣದ ಪೆಟ್ಟಿಗೆಯಂಥ ರೈಲುಸೇತುವೆ ಇದೆಯೇ ಎಂಬುದು. ರಾಬರ್ಟ್ ಸ್ಟೀಫನ್‌ಸನ್ ನಿರ್ಮಿಸಿದ ಆ ಸೇತುವೆಯ ಮೂಲಕ 1848ರಲ್ಲಿ ರೈಲು ಓಡಾಡತೊಡಗಿತು. ಅದು ಚಿತ್ರದಲ್ಲಿದ್ದರೆ ಚಿತ್ರ ಆ ಕಾಲದ ನಂತರದ್ದೆಂದು ನಿರ್ಧರಿಸಿಬಿಡಬಹುದು. ಇಲ್ಲದಿದ್ದರೆ ಹಿಂದಿನದ್ದೆಂದು ಹೇಳುವಂತಿಲ್ಲ, ಏಕೆಂದರೆ ಕಣ್ಣಿಗೆ ಒಪ್ಪದ ಕಬ್ಬಿಣವನ್ನು ಬಿಟ್ಟು ಬರೆಯುವುದು ನಿಸರ್ಗ ಚಿತ್ರಕಾರರಿಗೆ ಕಷ್ಟವಾಗಿರಲಿಲ್ಲ, ಬೆಟ್ಟವನ್ನೇ ಸ್ವಲ್ಪ ಎತ್ತರಿಸುವುದೂ ಉಂಟು. ಅಲ್ಲದೆ 1848ಕ್ಕೆ ಮೊದಲು ಅಚ್ಚಾದ ಕೆತ್ತನೆಚಿತ್ರವೊಂದನ್ನು ಮುಂದಿಟ್ಟುಕೊಂಡು ಮೂವತ್ತು ವರ್ಷಗಳ ನಂತರ ನಕಲು ಮಾಡಿರಲೂಬಹುದು. ಇರುವ ವಸ್ತು ಸಾಕ್ಷಿಯಾಗುವಷ್ಟು ಬಲವಾಗಿ ಇಲ್ಲದ ವಸ್ತು ಸಾಕ್ಷಿಯಾಗುವುದಿಲ್ಲ.

ವೇಲ್ಸಿನ ದೃಶ್ಯಗಳಿಗೆ ಅಷ್ಟು ಬೇಡಿಕೆ ಬಂದದ್ದು ಹೇಗೆಂಬುದೂ ಇಲ್ಲಿ ಉಪಯುಕ್ತ. ಡೇವಿಡ್ ಕಾಕ್ಸ್ ಎಂಬ ಹಿರಿಯ ಜಲವರ್ಣ ಕಲಾವಿದ 1844ರಿಂದ ಬೇಸಿಗೆಯಲ್ಲಿ ಬೆಟ್ಸ್-ಎ-ಕೋಯಿಡ್ ಎಂಬ ಹಳ್ಳಿಗೆ ಹೋಗಿ ನೆಲೆಸತೊಡಗಿದ. ಅದು ಕಾನ್ವಿ ಕಣಿವೆಯಲ್ಲೇ ಮೇಲುಗಡೆ ಇದೆ. ಅವನ ಹಿಂದೆ ಕಿರಿಯರು ಗುಂಪುಗುಂಪಾಗಿ ಬಂದರು, ರೈಲು ಬಂದ ಮೇಲಂತೂ ಲಂಡನ್ನಿನ ಕಲಾವಿದರಿಗೆ ಅದು ವರ್ಷವರ್ಷದ ಯಾತ್ರೆಯೇ ಆಯಿತು. ಕೈಗಾರಿಕೆಯಿಂದ ಹಣ ಮಾಡಿದ ನಗರದ ಮಧ್ಯಮವರ್ಗದವರು ತಮ್ಮ ಹಜಾರಗಳಿಗೆ ಬೆಟ್ಟ, ಹೊಳೆ, ದನ ಇರುವ ಮಧ್ಯಮ ಗಾತ್ರದ ಚಿತ್ರಗಳನ್ನೇ ಬಯಸುತ್ತಿದ್ದರು, ಅವನ್ನು ಪೂರೈಸಲು ನೂರಾರು ಕೈಗಳು ದುಡಿಯುತ್ತಿದ್ದವು. ನಿಮ್ಮ ಚಿತ್ರದ ಇಪ್ಪತ್ತು–ಮೂವತ್ತು ಅಂಗುಲದ ಅಳತೆಯೂ ಆ ಮಾರುಕಟ್ಟೆಯಲ್ಲಿ ಬಹಳ ಬಳಕೆಯಲ್ಲಿದ್ದದ್ದೇ. ಹೀಗಾಗಿ ವಿಷಯವೊಂದನ್ನೇ ನೋಡಿ ಕಲಾವಿದನನ್ನು ಗುರುತಿಸುವುದು ಸಾಧ್ಯವಿಲ್ಲ.

ಇನ್ನು ಚೀಟಿ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಇದೇ. ಆ ಕಾಲದ ಪ್ರದರ್ಶನಗಳಿಗೆ ಚಿತ್ರ ಕಳಿಸುವಾಗ ಕಲಾವಿದರು ತಮ್ಮ ಹೆಸರು, ವಿಳಾಸ, ಚಿತ್ರದ ಶೀರ್ಷಿಕೆ ಮತ್ತು ಆ ಸಲ ತಾವು ಕಳಿಸಿದ ಚಿತ್ರಗಳಲ್ಲಿ ಇದು ಎಷ್ಟನೆಯದೆಂಬ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಹಿಂದೆ ಅಂಟಿಸುತ್ತಿದ್ದರು. ‘ನಂ. 2’ ಎಂಬುದು ಅಂಥ ಸಂಖ್ಯೆಯಂತೆ ಕಾಣುತ್ತದೆ. ಹಾಗಿದ್ದರೆ ಅದು ಕಲಾವಿದನ ಸ್ವಂತ ಕೈಬರಹವಾಗಿರುವ ಸಾಧ್ಯತೆಯಿದೆ, ಸಹಿಯುಳ್ಳ ಇತರ ಚಿತ್ರಗಳ ಹಿಂದಿನ ಚೀಟಿಗಳ ಜೊತೆ ಅದನ್ನು ಹೋಲಿಸಬಹುದು. ರಾಯಲ್ ಅಕಾಡೆಮಿಯಲ್ಲಿ 1769ರಿಂದ 1904ರವರೆಗೆ ಪ್ರದರ್ಶನಗೊಂಡ ಕೃತಿಗಳೆಲ್ಲವನ್ನೂ ಆಲ್ಗರ್ನನ್ ಗ್ರೇವ್ಸ್ ಎಂಬಾತ ಎಂಟು ಸಂಪುಟಗಳಲ್ಲಿ ಪಟ್ಟಿ ಮಾಡಿ 1905–06ರಲ್ಲಿ ಪ್ರಕಟಿಸಿದ. ಕಲಾವಿದರ ಹೆಸರಿನ ಕೆಳಗೆ ವಿಳಾಸ, ವರ್ಷ, ಶೀರ್ಷಿಕೆ ಎಲ್ಲವೂ ಅದರಲ್ಲಿವೆ. ಸ್ಕ್ಯಾನ್ ಮಾಡಿದ ಪ್ರತಿಗಳು ಅಂತರ್ಜಾಲದಲ್ಲಿ ದೊರೆಯುವುದರಿಂದ ಈಗ ಹೆಸರು ಗೊತ್ತಿಲ್ಲದಿದ್ದರೂ ಶೀರ್ಷಿಕೆಯಿಂದ ಹುಡುಕಬಹುದು. ಕೋಟೆಯ ಹೆಸರನ್ನು ವಿಕ್ಟೋರಿಯಾ ಕಾಲದವರು ಕಾನ್ವೆ (Conway) ಎಂದು ಬರೆಯುತ್ತಿದ್ದರು, ಆ ಕಾಗುಣಿತದಲ್ಲೇ ಹುಡುಕಿ. ಅಲ್ಲಿ ಸಿಗದಿದ್ದರೆ ನಿರಾಶರಾಗಬೇಡಿ, ಲಂಡನ್ನಿನ ಬ್ರಿಟಿಷ್ ಇನ್ಸ್ಟಿಟ್ಯೂಷನ್ 1806ರಿಂದ 1867ರವರೆಗೆ ಪ್ರದರ್ಶನಗಳನ್ನು ನಡೆಸಿತು, ಸಫೋಕ್ ಸ್ಟ್ರೀಟಿನಲ್ಲಿ ಬ್ರಿಟಿಷ್ ಕಲಾವಿದರ ಸಂಘದ ಪ್ರದರ್ಶನಗಳೂ ನಡೆಯುತ್ತಿದ್ದವು.

ವ್ಯಾಪಾರಿ ಪರ್ಸಿಯ ಹೆಸರು ಹೇಳಿದ್ದು ‘ಬಾರ್ನ್ಸ್’ ಎಂಬ ಪದವನ್ನು ನೋಡಿಯೇ ಇರಬೇಕು. ಲಂಡನ್ನಿನ ಅಂಚಿನಲ್ಲಿ, ಥೇಮ್ಸ್ ನದಿಯ ದಡದಲ್ಲಿರುವ ಬಾರ್ನ್ಸ್ ಎಂಬ ಊರಿನಲ್ಲಿ ವಿಲಿಯಮ್ಸ್ ಎಂಬ ಕಲಾವಿದರ ಕುಟುಂಬವಿತ್ತು. ತಂದೆ ಎಡ್ವರ್ಡ್ ವಿಲಿಯಮ್ಸ್ (1781–1855) ನಿಸರ್ಗ ಚಿತ್ರಕಾರ. ಅವನ ಆರು ಮಂದಿ ಗಂಡುಮಕ್ಕಳೂ ಅದೇ ವೃತ್ತಿ ಹಿಡಿದರು. ಏಳು ಮಂದಿ ವಿಲಿಯಮ್ಸರು ಒಂದೇ ಬಗೆಯ ಹೊಳೆ, ಮರ, ಬೆಟ್ಟಗಳನ್ನು ಬರೆದು ಒಂದೇ ಪ್ರದರ್ಶನಗಳಿಗೆ ಕಳಿಸಿದರೆ ಗೊಂದಲವಾಗದೆ ಇರುತ್ತದೆಯೆ? ಅದಕ್ಕಾಗಿ ಮೂವರು ಅಡ್ಡಹೆಸರನ್ನೇ ಬಿಟ್ಟರು. ಹೆನ್ರಿ ಜಾನ್ (1811–1865) ಹೆಂಡತಿಯ ಮನೆತನದ ಬಾಡಿಂಗ್ಟನ್ ಎಂಬ ಹೆಸರನ್ನು ಇಟ್ಟುಕೊಂಡ, ಆರ್ಥರ್ (1819–1895) ಗಿಲ್ಬರ್ಟ್ ಎನಿಸಿಕೊಂಡ, 1886ರಲ್ಲಿ ತೀರಿಕೊಂಡ ಸಿಡ್ನಿ ರಿಚರ್ಡ್ ಪರ್ಸಿಯಾದ. ಈ ಕುಟುಂಬಕ್ಕೆ ಸೇರದ ಬೆಂಜಮಿನ್ ವಿಲಿಯಮ್ಸ್ ಎಂಬ ಇನ್ನೊಬ್ಬ ಕಲಾವಿದ ಕೂಡ ಇವರಲ್ಲೊಬ್ಬನೆಂದು ಜನ ತಿಳಿಯಬಾರದೆಂದು ಲೀಡರ್ ಎಂಬ ಹೆಸರನ್ನು ಸೇರಿಸಿಕೊಂಡ. ಬದುಕಿದ್ದಾಗಲೇ, ಸಹಿ ಇದ್ದಾಗಲೇ ಇಷ್ಟು ಗೊಂದಲವಿದ್ದ ಗುಂಪಿನ ಚಿತ್ರವೊಂದನ್ನು ಸಹಿಯಿಲ್ಲದೆ ಒಬ್ಬನಿಗೇ ಕಟ್ಟಿಕೊಡುವುದು ಎಂಥ ಸಾಹಸವೆಂದು ಯೋಚಿಸಿ. ಬಾರ್ನ್ಸ್ ಎಂಬ ಪದ ನಿಮ್ಮನ್ನು ಒಂದು ಮನೆಯ ಬಾಗಿಲಿಗೆ ಕರೆದೊಯ್ಯಬಹುದು, ಅದೂ ಚೀಟಿಯಲ್ಲಿರುವುದು ಕಲಾವಿದನ ವಿಳಾಸವೇ ಹೊರತು ಮಾಲೀಕನದ್ದಲ್ಲ ಎಂದು ಖಚಿತವಾದ ಮೇಲೆ. ಆ ಮನೆಯಲ್ಲಿ ಪರ್ಸಿಯ ಹೆಸರಿಗೆ ಇಂದು ಹೆಚ್ಚಿನ ಬೆಲೆಯಿರುವುದರಿಂದ ವ್ಯಾಪಾರದ ಬಾಯಿಗೆ ಮೊದಲು ಬರುವುದು ಅದೇ.

ಕೈಯನ್ನು ಕೈಯ ಜೊತೆ ಹೋಲಿಸುವ ಹಂತ ಈಗ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಇಟಲಿಯ ಜೊವಾನಿ ಮೊರೆಲ್ಲಿ ಒಂದು ಕ್ರಮವನ್ನು ಹೇಳಿಕೊಟ್ಟ: ಕಲಾವಿದನನ್ನು ಅವನು ಎಚ್ಚರದಿಂದ ಬರೆದ ಭಾಗಗಳಲ್ಲಿ ಹುಡುಕಬಾರದು, ಅಭ್ಯಾಸಬಲದಿಂದ ಬರೆದ ಕಿವಿ, ಬೆರಳಿನ ಉಗುರುಗಳಂಥ ಸಣ್ಣ ಭಾಗಗಳಲ್ಲಿ ಹುಡುಕಬೇಕು. ನಿಸರ್ಗಚಿತ್ರದಲ್ಲಿ ಆ ಸಣ್ಣ ಭಾಗಗಳೆಂದರೆ ಎಲೆಗೊಂಚಲಿನ ಅಂಚು, ನೀರು ಮಣ್ಣಿಗೆ ತಾಗುವ ಗೆರೆ, ದೂರದ ಬಂಡೆಯ ನೆರಳು, ಹುಲ್ಲಿನ ಮೇಲೆ ಬೆಳಕು ಬಿದ್ದ ಕಡೆ ಕುಂಚ ತಿರುಗಿದ ರೀತಿ. ನಮ್ಮ ಮೈಸೂರು ಶೈಲಿಯ ಹಳೆಯ ಚಿತ್ರಗಳಲ್ಲೂ ಬರೆದವರ ಸಹಿ ಅಪರೂಪ. ಅಲ್ಲಿ ಗೆಸ್ಸೊ ಎಂಬ ಉಬ್ಬು ಲೇಪದ ಕೆಲಸದ ನವಿರು, ಮುಖದ ಗೆರೆ, ಆಭರಣದ ಹೆಣಿಗೆ ನೋಡಿ ಮನೆತನವನ್ನು ಗುರುತಿಸುವ ಹಿರಿಯರು ಮಾಡುವುದೂ ಇದೇ ಕೆಲಸ. ಹೋಲಿಕೆಗೆ ಬೇಕಾದ ಚಿತ್ರಗಳು ‘ಆರ್ಟ್ ಯುಕೆ’ ಜಾಲತಾಣದಲ್ಲಿವೆ; ಬ್ರಿಟನ್ನಿನ ಸಾರ್ವಜನಿಕ ಸಂಗ್ರಹಗಳಲ್ಲಿರುವ ಎರಡು ಲಕ್ಷಕ್ಕೂ ಹೆಚ್ಚು ತೈಲಚಿತ್ರಗಳನ್ನು ಅಲ್ಲಿ ನೋಡಬಹುದು. ಕೋಟೆಯ ಹೆಸರಿನಿಂದಲೂ, ಆ ಕುಟುಂಬದ ಏಳು ಹೆಸರುಗಳಿಂದಲೂ ಹುಡುಕಿ, ಸಹಿಯುಳ್ಳವುಗಳನ್ನು ಮಾತ್ರ ಆರಿಸಿಕೊಳ್ಳಿ. ದನಗಳ ವಿಷಯದಲ್ಲಿ ಒಂದು ಎಚ್ಚರಿಕೆ: ನಿಸರ್ಗವನ್ನು ಒಬ್ಬರು, ದನಗಳನ್ನು ಇನ್ನೊಬ್ಬರು ಬರೆಯುವ ಪದ್ಧತಿಯೂ ಆಗ ಇತ್ತು. ಫ್ರೆಡರಿಕ್ ರಿಚರ್ಡ್ ಲೀ ಬರೆದ ಬಯಲುಗಳಿಗೆ ಥಾಮಸ್ ಸಿಡ್ನಿ ಕೂಪರ್ ದನಗಳನ್ನು ಸೇರಿಸುತ್ತಿದ್ದ. ನಿಮ್ಮ ಚಿತ್ರದ ದನಗಳು ಉಳಿದ ಭಾಗಕ್ಕಿಂತ ಬೇರೆ ಕೈಯದ್ದೆಂದು ಅನಿಸಿದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಕಾಲದ ಬಗ್ಗೆ ಇನ್ನೂ ಅನುಮಾನ ಉಳಿದರೆ ಬಣ್ಣವನ್ನು ಪರೀಕ್ಷಿಸಬಹುದು. ವಿರಿಡಿಯನ್ ಎಂಬ ಹಸಿರಿಗೆ ಪೇಟೆಂಟ್ ಆದದ್ದು 1859ರಲ್ಲಿ, ಸೆರೂಲಿಯನ್ ನೀಲಿ ಮಾರುಕಟ್ಟೆಗೆ ಬಂದದ್ದು 1860ರ ಹೊತ್ತಿಗೆ. ಟೈಟಾನಿಯಂ ಬಿಳಿ ಬಳಕೆಗೆ ಬಂದದ್ದು ಮೊದಲ ಮಹಾಯುದ್ಧದ ನಂತರ. ಮೂಲ ಪದರದಲ್ಲೇ ಟೈಟಾನಿಯಂ ಸಿಕ್ಕರೆ ಚಿತ್ರ ವಿಕ್ಟೋರಿಯಾ ಕಾಲದ್ದಲ್ಲ, ಮುದ್ರೆ ಏನೇ ಹೇಳಲಿ. ಇಂಥ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇನ್‌ಟ್ಯಾಕ್ ಎಂಬ ಪರಂಪರೆ ಸಂರಕ್ಷಣೆಯ ಸಂಸ್ಥೆಯ ಕೇಂದ್ರವಿದೆ; ಯಾವ ಪರೀಕ್ಷೆ ಎಲ್ಲಿ ಸಾಧ್ಯವೆಂಬುದನ್ನು ಅವರಿಂದಲೇ ಕೇಳಿ ತಿಳಿಯಿರಿ.

ಕೊನೆಯದಾಗಿ, ಬಂಗಲೆಯ ಹರಾಜು. ಮೈಸೂರು ಸಂಸ್ಥಾನವನ್ನು 1831ರಿಂದ 1881ರವರೆಗೆ ಇಂಗ್ಲಿಷ್ ಕಮಿಷನರುಗಳು ಆಳಿದರು. ಆಮೇಲೂ ರೆಸಿಡೆಂಟರು, ಎಂಜಿನಿಯರುಗಳು, ಕಾಫಿ ತೋಟದ ದೊರೆಗಳು ಇಲ್ಲೇ ಇದ್ದರು. ಅವರು ತಂದ ಚಿತ್ರಗಳು ವರ್ಗಾವಣೆ, ನಿವೃತ್ತಿ, ಸಾವು ಬಂದಾಗಲೆಲ್ಲ ಮಾರಾಟವಾಗುತ್ತಿದ್ದವು. ಆದ್ದರಿಂದ ಯಾವ ಬಂಗಲೆ, ಯಾವ ವರ್ಷ, ಅಧಿಕಾರಿ ಯಾವ ಇಲಾಖೆಯವರು ಎಂಬುದನ್ನು ಮನೆಯ ಹಿರಿಯರಿಂದ ಈಗಲೇ ಕೇಳಿ ಬರೆದಿಡಿ. ತಾತನವರ ಜಮಾಖರ್ಚಿನ ಪುಸ್ತಕ ಉಳಿದಿದ್ದರೆ ಹುಡುಕಿ. ಹಜಾರದಲ್ಲಿ ತೆಗೆಸಿದ ಹಳೆಯ ಮದುವೆ, ನಾಮಕರಣದ ಫೋಟೊಗಳಲ್ಲಿ ಹಿಂದಿನ ಗೋಡೆಯನ್ನು ಗಮನಿಸಿ, ಚಿತ್ರ ಯಾವ ವರ್ಷದಿಂದ ನಿಮ್ಮ ಮನೆಯಲ್ಲಿದೆ ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಪುರಾವೆ ಬೇಕಿಲ್ಲ. ಅಧಿಕಾರಿಯ ಹೆಸರು ಸಿಕ್ಕರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಅವರ ಮತ್ತು ಅವರ ಹಿರಿಯರ ಸೇವಾ ವಿವರಗಳನ್ನು ಹುಡುಕಬಹುದು. ಭಾರತದಲ್ಲಿ ತೀರಿಕೊಂಡ ಇಂಗ್ಲಿಷರ ಉಯಿಲುಗಳೂ ಸ್ವತ್ತಿನ ಪಟ್ಟಿಗಳೂ ಅಲ್ಲಿವೆ. ಇಷ್ಟೆಲ್ಲ ಆದ ಮೇಲೆ ಪರ್ಸಿಯ ಹೆಸರು ತಾನಾಗಿಯೇ ಮೇಲೆದ್ದು ಬಂದರೆ ಸಂತೋಷದಿಂದ ಒಪ್ಪೋಣ. ಅಲ್ಲಿಯವರೆಗೆ ಚಿತ್ರದ ಕೆಳಗೆ ‘ಕಾನ್ವಿ ಕೋಟೆ, ಕಲಾವಿದರು ಅಜ್ಞಾತ, ಬಾರ್ನ್ಸ್ ವಿಳಾಸದ ಚೀಟಿಯಿದೆ’ ಎಂದು ಬರೆದಿಡುವುದೇ ಸತ್ಯಕ್ಕೆ ಹತ್ತಿರ.

ಪ್ರಶ್ನೆ: ಶ್ರೀರಂಗಪಟ್ಟಣದ ಕೋಟೆಯನ್ನೂ ಕಾವೇರಿಯನ್ನೂ ಬರೆದ ಸಣ್ಣ ಜಲವರ್ಣ ಚಿತ್ರವೊಂದು ನಮ್ಮಲ್ಲಿದೆ. ಸಹಿಯಿಲ್ಲ. ಟಿಪ್ಪುವಿನ ಕಾಲದಲ್ಲಿ ಇಂಗ್ಲಿಷ್ ಸೈನ್ಯದ ಜೊತೆ ಬಂದ ಕಲಾವಿದರದ್ದೆಂದು ಮನೆಯಲ್ಲಿ ಹೇಳುತ್ತಾರೆ. ಕಾಗದವನ್ನು ಬೆಳಕಿಗೆ ಹಿಡಿದರೆ ‘ವಾಟ್‌ಮನ್ 1861’ ಎಂದು ಕಾಣುತ್ತದೆ.
— ಓದುಗರು, ಮಂಡ್ಯ

ಉತ್ತರ: ಆ ಅಂಕಿಯೇ ನಿಮ್ಮ ಪ್ರಶ್ನೆಗೆ ಉತ್ತರ. ವಾಟ್‌ಮನ್ ಎಂಬುದು ಇಂಗ್ಲಿಷ್ ಕಾಗದವೊಂದರ ಹೆಸರು; ಕಾಗದ ತಯಾರಾದ ವರ್ಷವನ್ನು ಹೀಗೆ ವಾಟರ್‌ಮಾರ್ಕಿನಲ್ಲಿ ಹಾಕುವ ರೂಢಿ ಇಂಗ್ಲೆಂಡಿನ ಗಿರಣಿಗಳಲ್ಲಿತ್ತು. ಕಾಗದ 1861ರದ್ದಾದರೆ ಚಿತ್ರ ಆ ವರ್ಷದ್ದು ಅಥವಾ ಆಮೇಲಿನದ್ದು. ಟಿಪ್ಪು ಮಡಿದದ್ದು 1799ರಲ್ಲಿ.

ಹಾಗೆಂದು ಮನೆಯವರ ಮಾತು ಪೂರ್ತಿ ನಿರಾಧಾರವೆಂದೂ ಅಲ್ಲ. ರಾಬರ್ಟ್ ಹೋಮ್, ಕೋಲ್‌ಬ್ರೂಕ್, ಅಲೆಗ್ಸಾಂಡರ್ ಅಲನ್ ಮೊದಲಾದವರು ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಬರೆದ ಇಲ್ಲಿನ ದೃಶ್ಯಗಳು 1790ರ ದಶಕದಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಬಹಳ ಪ್ರಚಾರ ಪಡೆದವು, ಮುಂದಿನ ತಲೆಮಾರಿನವರು ಅವನ್ನು ನೋಡಿ ನಕಲು ಮಾಡುತ್ತಿದ್ದರು. ನಿಮ್ಮದು ಸ್ಥಳದಲ್ಲಿ ಕುಳಿತು ಬರೆದದ್ದೋ ಅಚ್ಚು ನೋಡಿ ಬರೆದದ್ದೋ ಎಂಬುದನ್ನು ಚಿತ್ರದೊಳಗಿನ ಕಟ್ಟಡಗಳೇ ಹೇಳಬಲ್ಲವು. ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಕಟ್ಟಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಮುಗಿದದ್ದು 1804ರಲ್ಲಿ. ಕೋನ ಸರಿಯಾಗಿದ್ದೂ ಆ ಸೇತುವೆ ಕಾಣದಿದ್ದರೆ ಹಳೆಯ ಅಚ್ಚಿನ ನಕಲೆಂದು ಅನುಮಾನಿಸಬಹುದು, ಕಂಡರೆ ಬರೆದವರು ಅಲ್ಲಿ ನಿಂತಿದ್ದ ಸಂಭವ ಹೆಚ್ಚು. ಬೆಂಗಳೂರು–ಮೈಸೂರು ರೈಲುಮಾರ್ಗದ ಸೇತುವೆಯೂ ಇದ್ದರೆ ಚಿತ್ರವನ್ನು 1880ರ ದಶಕಕ್ಕೆ ಅಥವಾ ಅದರಾಚೆಗೆ ತರಬೇಕಾಗುತ್ತದೆ. ಮಸೀದಿಯ ಎರಡು ಮಿನಾರುಗಳು, ರಂಗನಾಥಸ್ವಾಮಿ ದೇವಾಲಯದ ಗೋಪುರ ಒಂದಕ್ಕೊಂದು ಎಷ್ಟು ದೂರದಲ್ಲಿ ಕಾಣುತ್ತವೆಂದು ಅಳೆದುಕೊಂಡು ಹೊಳೆಯ ದಂಡೆಯಲ್ಲಿ ಓಡಾಡಿ ನೋಡಿದರೆ ಬರೆದವರು ನಿಂತ ಜಾಗವೇ ಸಿಕ್ಕೀತು. ನೀವು ಮಂಡ್ಯದವರಾದ್ದರಿಂದ ಈ ಕೆಲಸ ಲಂಡನ್ನಿನ ಯಾವ ಪಂಡಿತರಿಗಿಂತಲೂ ನಿಮಗೆ ಸುಲಭ, ಅದನ್ನು ಖಂಡಿತ ಮಾಡಿ.

ಬರೆದವರು ವೃತ್ತಿ ಕಲಾವಿದರಾಗಿರಬೇಕೆಂದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಮತ್ತು ಫಿರಂಗಿದಳದ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಆಡಿಸ್ಕೂಂಬ್ ಸೈನಿಕ ಶಾಲೆಯಲ್ಲಿ (1809–1861) ಭೂದೃಶ್ಯ ಬರೆಯುವುದು ಪಾಠದ ಭಾಗವಾಗಿತ್ತು. ಫೋಟೊ ಸುಲಭವಾಗುವ ಮೊದಲು ಕೋಟೆ, ಕಣಿವೆಗಳನ್ನು ನೋಡಿ ಬರೆಯಬಲ್ಲ ಕಣ್ಣು ಸೈನ್ಯಕ್ಕೆ ಬೇಕಾಗಿತ್ತು. ಅಂಥವರೂ ಅವರ ಮನೆಯ ಹೆಂಗಸರೂ ಆಲ್ಬಮ್ಮಿಗಾಗಿ ಬರೆಯುತ್ತಿದ್ದರು. ಆಲ್ಬಮ್ಮಿನ ಮೇಲೆಯೇ ಹೆಸರಿರುವಾಗ ಪ್ರತಿ ಹಾಳೆಗೂ ಸಹಿ ಹಾಕುವ ಅಗತ್ಯ ಅವರಿಗೆ ಕಾಣುತ್ತಿರಲಿಲ್ಲ. ಹಾಳೆಯ ಹಿಂದೆ ನಾಲ್ಕು ಮೂಲೆಗಳಲ್ಲಿ ಅಂಟಿನ ಕಲೆಯೋ, ಪೆನ್ಸಿಲಿನಲ್ಲಿ ಸ್ಥಳದ ಹೆಸರೋ, ಪುಟಸಂಖ್ಯೆಯೋ ಇದೆಯೇ ನೋಡಿ. ಇದ್ದರೆ ಅದೇ ಆಲ್ಬಮ್ಮಿನ ಬೇರೆ ಹಾಳೆಗಳು ಎಲ್ಲಾದರೂ ಉಳಿದಿರಬಹುದು, ಅವುಗಳಲ್ಲೊಂದರಲ್ಲಿ ಹೆಸರಿರಬಹುದು.

ಪ್ರಶ್ನೆ: ಹಳದಿಯಾದ ತೈಲಚಿತ್ರವನ್ನು ಆಲೂಗೆಡ್ಡೆ ಹೋಳಿನಿಂದ ಉಜ್ಜಿದರೆ ಅಡಗಿದ ಸಹಿ ಕಾಣುತ್ತದೆಂದು ಕೇಳಿದ್ದೇನೆ. ಮಾಡಬಹುದೆ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ದಯವಿಟ್ಟು ಮಾಡಬೇಡಿ. ಬಟ್ಟೆಗೂ ಬಣ್ಣಕ್ಕೂ ನಡುವೆ ಪ್ರಾಣಿಜನ್ಯ ಅಂಟಿನ ಪದರವಿರುತ್ತದೆ. ಬಿರುಕುಗಳ ಮೂಲಕ ತೇವ ಇಳಿದರೆ ಅಂಟು ಉಬ್ಬಿ, ಬಣ್ಣ ಹಪ್ಪಳೆಯಾಗಿ ಏಳುತ್ತದೆ. ಸಹಿಯನ್ನು ಹುಡುಕಲು ಉಜ್ಜಬೇಕಾಗಿಯೇ ಇಲ್ಲ. ಕತ್ತಲೆ ಕೋಣೆಯಲ್ಲಿ ನೇರಳಾತೀತ ಟಾರ್ಚಿನ ಬೆಳಕು ಬಿಟ್ಟರೆ 19ನೇ ಶತಮಾನದ ಮರದ ರಾಳದ ವಾರ್ನಿಷ್ ಮಬ್ಬು ಹಸಿರಾಗಿ ಹೊಳೆಯುತ್ತದೆ, ಅದರ ಮೇಲೆ ಈಚೆಗೆ ಹಚ್ಚಿದ ಬಣ್ಣ ಕಪ್ಪಾಗಿ ಕಾಣುತ್ತದೆ. ಹೊಳೆಯುವ ಪದರದ ಮೇಲೆ ಕಪ್ಪಗೆ ತೇಲುವ ಸಹಿ ಕಂಡರೆ ಅದು ಆಮೇಲೆ ಸೇರಿಸಿದ್ದು, ಅದನ್ನು ನಂಬಬಾರದು. ನಿಜವಾದ ಸಹಿಗಳು ಹೆಚ್ಚಾಗಿ ಅಡಗಿರುವುದು ಚೌಕಟ್ಟಿನ ತುಟಿಯ ಕೆಳಗೆ, ಅಥವಾ ಮುಂದಿನ ಬಂಡೆ, ಮರದ ಬೊಡ್ಡೆ, ದೋಣಿಯ ಪಕ್ಕ, ಇಂಥ ಕಡೆ ಎರಡೇ ಅಕ್ಷರಗಳ ಹೆಣಿಗೆಯಾಗಿ. ವಾರ್ನಿಷ್ ತೆಗೆಯುವ ಕೆಲಸ ತರಬೇತಿ ಪಡೆದ ಸಂರಕ್ಷಕರದ್ದು. ಎಷ್ಟೋ ಸಹಿಗಳು ಅಳಿಸಿ ಹೋದದ್ದೇ ಇಂಥ ಮನೆಮದ್ದುಗಳಿಂದ.

ಪ್ರಶ್ನೆ: ನಮ್ಮ ಸಹಿಯಿಲ್ಲದ ಚಿತ್ರದ ಫೋಟೊ ನೋಡಿದ ಲಂಡನ್ನಿನ ಹರಾಜು ಸಂಸ್ಥೆಯೊಂದು ‘ಬೆಂಜಮಿನ್ ವಿಲಿಯಮ್ಸ್ ಲೀಡರನ ಅನುಯಾಯಿ’ ಎಂದು ಉತ್ತರಿಸಿದೆ. ಅಂದರೆ ಏನು? ಚಿತ್ರವನ್ನೇ ಅಲ್ಲಿಗೆ ಕಳಿಸಬಹುದೆ?
— ಓದುಗರು, ಮದ್ದೂರು

ಉತ್ತರ: ಹರಾಜಿನ ಪಟ್ಟಿಗಳಲ್ಲಿ ಈ ಪದಗಳಿಗೆ ನಿಶ್ಚಿತವಾದ ಮೆಟ್ಟಿಲುಗಳಿವೆ. ಕಲಾವಿದನ ಪೂರ್ತಿ ಹೆಸರನ್ನು ಮಾತ್ರ ಕೊಟ್ಟಿದ್ದರೆ ಅದು ಅವನದೇ ಕೃತಿ ಎಂಬುದು ಸಂಸ್ಥೆಯ ಅಭಿಪ್ರಾಯ. ‘ಅಟ್ರಿಬ್ಯೂಟೆಡ್ ಟು’ ಎಂದರೆ ಬಹುಶಃ ಅವನದು, ಪೂರ್ತಿಯಾಗಿಯೋ ಭಾಗಶಃವೋ. ‘ಸ್ಟುಡಿಯೊ ಆಫ್’ ಎಂದರೆ ಅವನ ಕಾರ್ಯಾಗಾರದಲ್ಲಿ ಆದದ್ದು, ‘ಸರ್ಕಲ್ ಆಫ್’ ಎಂದರೆ ಅವನ ಕಾಲದಲ್ಲೇ ಅವನ ಪ್ರಭಾವದಲ್ಲಿದ್ದವರದು. ‘ಫಾಲೋವರ್ ಆಫ್’ ಎಂದರೆ ಅವನ ಶೈಲಿಯಲ್ಲಿ ಬರೆದವರದು, ಶಿಷ್ಯರೇ ಆಗಿರಬೇಕೆಂದಿಲ್ಲ. ‘ಮ್ಯಾನರ್ ಆಫ್’ ಎಂದರೆ ಆಮೇಲಿನ ಕಾಲದ್ದು, ‘ಆಫ್ಟರ್’ ಎಂದರೆ ಗೊತ್ತಿರುವ ಕೃತಿಯೊಂದರ ನಕಲು. ಆದ್ದರಿಂದ ನಿಮಗೆ ಬಂದಿರುವ ಉತ್ತರದ ಅರ್ಥ ಇಷ್ಟೇ: ಚಿತ್ರ ಲೀಡರನದಲ್ಲ, ಲೀಡರನನ್ನು ಮೆಚ್ಚಿದ ಯಾರದೋ. ಅದು ಫೋಟೊ ನೋಡಿ ಹೇಳಿದ ಮಾತು ಎಂಬುದನ್ನೂ ನೆನಪಿಡಿ.

ಚಿತ್ರವನ್ನು ಕಳಿಸುವಂತಿಲ್ಲ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಚಿತ್ರವೂ ಪುರಾತನ ವಸ್ತುವೇ. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವುದಕ್ಕೆ ನಿಷೇಧವಿದೆ. ವ್ಯಾಖ್ಯೆಯಲ್ಲಿ ಮುಖ್ಯವಾಗಿರುವುದು ವಸ್ತುವಿನ ವಯಸ್ಸು. ಇಂಗ್ಲೆಂಡಿನಲ್ಲಿ ಬರೆದದ್ದೆಂಬ ಕಾರಣ ವಿನಾಯಿತಿಯಾಗುವುದಿಲ್ಲ. ವಯಸ್ಸಿನ ಬಗ್ಗೆಯೇ ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಜ್ಞರು ನೋಡಿ, ಪುರಾತನವಲ್ಲದ್ದಾದರೆ ಹಾಗೆಂದು ಪ್ರಮಾಣಪತ್ರ ಕೊಡುತ್ತಾರೆ. ಇಲಾಖೆಯ ನೋಂದಣಿ ಅಧಿಕಾರಿಯ ಬಳಿ ಚಿತ್ರವನ್ನು ನೋಂದಾಯಿಸುವ ವಿಷಯವನ್ನೂ ಆಗಲೇ ವಿಚಾರಿಸಿಕೊಳ್ಳಿ. ಅಭಿಪ್ರಾಯ ಕೇಳಲು ಫೋಟೊಗಳನ್ನು ಕಳಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮುಂದಿನ ಸಲ ಕಳಿಸುವಾಗ ಮುಂಬದಿಯ ಜೊತೆಗೆ ಹಿಂಬದಿ ಪೂರ್ತಿಯಾಗಿ, ಚೌಕಟ್ಟು ಬಿಚ್ಚಿದ ನಾಲ್ಕು ಅಂಚುಗಳು, ಮುದ್ರೆ ಮತ್ತು ಚೀಟಿಗಳು, ಮರದ ಎಲೆಗಳಿರುವ ಕಡೆಯ ಹತ್ತಿರದ ನೋಟ, ಒಂದು ಬದಿಯಿಂದ ಓರೆಯಾಗಿ ಬೆಳಕು ಬಿಟ್ಟು ತೆಗೆದ ಒಂದು ನೋಟ, ಇಷ್ಟೂ ಇರಲಿ. ಪ್ರತಿಯೊಂದರ ಪಕ್ಕದಲ್ಲೂ ಅಳತೆಪಟ್ಟಿ ಇಟ್ಟು ತೆಗೆಯಿರಿ.